ರೈತರ ಆನ್‌ಲೈನ್ ಸಂತೆಗೆ ಸಿಎಸ್‌ಎಸ್: ಬ್ಯಾನರ್ ಆಮೇಲೆ, ಮೊದಲು ಪಟ್ಟಿ

ರೈತರ ಆನ್‌ಲೈನ್ ಸಂತೆ ನಡೆಸುವವರ ಕೈಗೆ ‘ಕಸ್ಟಮ್ ಸಿಎಸ್‌ಎಸ್’ (ಸಿಎಸ್‌ಎಸ್ ಅಂದರೆ ವೆಬ್ ಪುಟದ ಬಣ್ಣ, ಅಕ್ಷರ, ಜೋಡಣೆ ಹೇಗೆ ಕಾಣಬೇಕು ಅಂತ ಬರೆಯುವ ಭಾಷೆ) ಅನ್ನುವ ಖಾಲಿ ಡಬ್ಬಿ ಸಿಕ್ಕರೆ ಮುಂದೇನಾಗುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಮೊದಲು ಹೆಡರ್ ಹಸಿರಾಗುತ್ತದೆ. ಆಮೇಲೆ ಪುಟದ ಹಿಂದೆ ಮರದ ಹಲಗೆಯ ಚಿತ್ರ ಬರುತ್ತದೆ. ಆಮೇಲೆ ಕೈಬರಹದ ಹಾಗೆ ಕಾಣುವ ಒಂದು ಫಾಂಟು, ಮೂಲೆಗೊಂದು ಎಲೆ. ಮುಖಪುಟ ಚೆನ್ನಾಗೇ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ರತಿ ವಾರ ಕೊಳ್ಳುವವರು ಆ ಮುಖಪುಟದಲ್ಲಿ ನಿಲ್ಲುವುದೇ ಇಲ್ಲ. ಸೀದಾ ಪಟ್ಟಿಗೆ ಹೋಗುತ್ತಾರೆ, ಈ ವಾರ ಏನಿದೆ ಅಂತ ಹೆಬ್ಬೆರಳಲ್ಲಿ ಸರ್ರನೆ ಜಾರಿಸುತ್ತಾರೆ, ಬೇಕಾದ್ದನ್ನು ಕಾರ್ಟಿಗೆ ಹಾಕಿ ಹೊರಡುತ್ತಾರೆ. ಹಾಗಿದ್ದ ಮೇಲೆ ನಾವು ಕಷ್ಟಪಟ್ಟು ಬರೆಯುವ ಸಿಎಸ್‌ಎಸ್ ಹೋಗಬೇಕಾದ್ದು ಎಲ್ಲಿಗೆ? ಆ ಪಟ್ಟಿಯ ಒಂದೊಂದು ಸಾಲಿಗೆ. ಈ ಪೋಸ್ಟಿನಲ್ಲಿ ನಾನು ಹೇಳುವುದು ಹೆಚ್ಚುಕಡಿಮೆ ಇಷ್ಟೇ, ಉಳಿದದ್ದೆಲ್ಲ ಅದನ್ನು ಹೇಗೆ ಮಾಡುವುದು ಅನ್ನುವ ವಿವರ.

ಇಂಥ ಸಂತೆ ಮಾಮೂಲಿ ಆನ್‌ಲೈನ್ ಅಂಗಡಿಯ ಹಾಗಲ್ಲ, ಅದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಒಬ್ಬರೇ ಕೂತು ಎಲ್ಲ ಫೋಟೋ ತೆಗೆದು, ಎಲ್ಲ ವಿವರಣೆ ಬರೆದು, ಒಂದೇ ಅಳತೆಗೆ ತಂದಿರುತ್ತಾರೆ. ಇಲ್ಲಿ ಹಾಗಿಲ್ಲ. ಬೆಳೆಗಾರರು ತಮ್ಮ ತಮ್ಮ ಸಾಲನ್ನು ತಾವೇ ತುಂಬುತ್ತಾರೆ. ಒಬ್ಬರು ಫೋನನ್ನು ಉದ್ದಕ್ಕೆ ಹಿಡಿದು ಫೋಟೋ ತೆಗೆದಿರುತ್ತಾರೆ, ಇನ್ನೊಬ್ಬರು ಅಡ್ಡಕ್ಕೆ, ಮತ್ತೊಬ್ಬರದ್ದು ಫೋಟೋನೇ ಇಲ್ಲ. ಒಬ್ಬರು ಎರಡು ಪದದಲ್ಲಿ ಹೆಸರು ಮುಗಿಸಿದರೆ ಇನ್ನೊಬ್ಬರು ಹೆಸರಿನ ಜಾಗದಲ್ಲೇ ಪೂರ್ತಿ ಕತೆ ಬರೆದಿರುತ್ತಾರೆ. ಅದೂ ವಾರ ವಾರಕ್ಕೆ ಬದಲಾಗುತ್ತದೆ. ಆರ್ಡರ್ ತೆರೆಯುವುದು, ಕೆಲವು ದಿನ ನಡೆಯುವುದು, ಮುಚ್ಚುವುದು, ಆರ್ಡರ್ ನೋಡಿಕೊಂಡು ಕೊಯ್ಲು ಮಾಡುವುದು, ಹಂಚುವುದು, ಮತ್ತೆ ಹೊಸ ಪಟ್ಟಿ. ಅಂದರೆ ನೀವು ಅಲಂಕಾರ ಮಾಡುತ್ತಿರುವುದು ನಿಮ್ಮ ಹಿಡಿತದಲ್ಲಿ ಇಲ್ಲದ ಸರಕಿಗೆ. ಹಾಗಾಗಿ ಒಂದು ಒಳ್ಳೆ ಸಾಲಿನ ಮೇಲೆ ಚಂದ ಕಾಣುವ ಸಿಎಸ್‌ಎಸ್ ಬರೆಯುವುದು ದೊಡ್ಡ ವಿಷಯವೇ ಅಲ್ಲ. ಕೆಟ್ಟ ಸಾಲಿನ ಮೇಲೂ ಮಾನ ಉಳಿಸುವುದನ್ನು ಬರೆಯಬೇಕು.

ಈಗ ಡಬ್ಬಿಯ ವಿಷಯ. ಸಂತೆ ನಡೆಸಲು ಕೊಡುವ ಬಹಳಷ್ಟು ವ್ಯವಸ್ಥೆಗಳಲ್ಲಿ ಎಚ್‌ಟಿಎಮ್‌ಎಲ್, ಅಂದರೆ ಪುಟದ ಮೂಲ ರಚನೆ, ಮುಟ್ಟಲು ಬಿಡುವುದಿಲ್ಲ. ಅವರದ್ದೇ ಸ್ಟೈಲ್‌ಶೀಟ್ (ಸಿಎಸ್‌ಎಸ್ ಕಡತ) ಮೊದಲು ಲೋಡ್ ಆಗುತ್ತದೆ, ನೀವು ಡಬ್ಬಿಯಲ್ಲಿ ಬರೆದದ್ದು ಆಮೇಲೆ ಬರುತ್ತದೆ. ಇಬ್ಬರೂ ಒಂದೇ ತೂಕದ ಸೆಲೆಕ್ಟರ್ (ನಿಯಮ ಪುಟದ ಯಾವ ತುಣುಕಿಗೆ ಅಂತ ಹೇಳುವ ಭಾಗ) ಬರೆದಿದ್ದರೆ ಕೊನೆಗೆ ಬಂದವರ ಮಾತು ನಡೆಯುತ್ತದೆ, ಅಂದರೆ ನಿಮ್ಮದು. ಆದರೆ ತೂಕ ಒಂದೇ ಇಲ್ಲದಿದ್ದರೆ ಬ್ರೌಸರ್ ಸಾಲಿನ ಕ್ರಮ ನೋಡುವುದೇ ಇಲ್ಲ. ಐಡಿ (ಒಂದೇ ತುಣುಕಿಗೆ ಇಟ್ಟ ಹೆಸರು) ಇರುವ ಸೆಲೆಕ್ಟರ್ ಒಂದೇ ಒಂದಿದ್ದರೂ ಸಾಕು, ನೀವು ಹತ್ತು ಕ್ಲಾಸ್ (ಹಲವು ತುಣುಕುಗಳಿಗೆ ಸೇರಿ ಇಟ್ಟ ಹೆಸರು) ಪೋಣಿಸಿದರೂ ಅದನ್ನು ಮೀರಿಸಲು ಆಗುವುದಿಲ್ಲ. ಕ್ಲಾಸು ಬರೀ ಟ್ಯಾಗಿಗಿಂತ (ಎಚ್‌ಟಿಎಮ್‌ಎಲ್‌ನಲ್ಲಿ ತುಣುಕಿನ ಗುರುತು) ಮೇಲೆ, ಐಡಿ ಕ್ಲಾಸಿಗಿಂತ ಮೇಲೆ, ಟ್ಯಾಗಿನ ಒಳಗೇ ಬರೆದ ಸ್ಟೈಲು ಇವೆಲ್ಲದರ ಮೇಲೆ. ‘ನಾನು ಬರೆದದ್ದು ಕೆಲಸವೇ ಮಾಡ್ತಾ ಇಲ್ಲ’ ಅನ್ನುವ ದೂರುಗಳಲ್ಲಿ ಅರ್ಧ ಇಲ್ಲಿಂದಲೇ ಬರುತ್ತವೆ. ಉಳಿದ ಅರ್ಧ ಸೆಮಿಕೋಲನ್ ಬಿಟ್ಟದ್ದು, ಇಲ್ಲವೇ ಮುಚ್ಚುವ ಆವರಣ ಮರೆತದ್ದು. ಸಿಎಸ್‌ಎಸ್‌ಗೆ ಒಂದು ಗುಣವಿದೆ: ಅರ್ಥವಾಗದ್ದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ತಪ್ಪಾಗಿದೆ ಅಂತ ಎಲ್ಲೂ ಕೂಗುವುದಿಲ್ಲ. ಎರಡು ಓರೆಗೆರೆ (//) ಹಾಕಿ ಕಮೆಂಟ್, ಅಂದರೆ ನಮ್ಮ ನೆನಪಿಗೆ ಟಿಪ್ಪಣಿ, ಬರೆಯುವ ಅಭ್ಯಾಸ ಬೇರೆ ಭಾಷೆಗಳಿಂದ ಬಂದಿದ್ದರೆ ಅದೂ ಇಲ್ಲಿ ನಡೆಯುವುದಿಲ್ಲ, ಮುಂದಿನ ನಿಯಮವನ್ನು ಸೇರಿಸಿಕೊಂಡು ಹಾಳಾಗುತ್ತದೆ. ಇಲ್ಲಿ ಕಮೆಂಟ್ ಅಂದರೆ /* ಹೀಗೆ */ ಮಾತ್ರ.

ಸೋತಾಗ ಎಲ್ಲರೂ ಕೈ ಹಾಕುವುದು ‘!ಇಂಪಾರ್ಟೆಂಟ್’ಗೆ, ಅಂದರೆ ನಿಯಮದ ಕೊನೆಗೆ ಸೇರಿಸಿ ಅದನ್ನೇ ಬಲವಂತವಾಗಿ ಗೆಲ್ಲಿಸುವ ಪದಕ್ಕೆ. ಒಂದು ಕಡೆ ಹಾಕಿದರೆ ನಾಳೆ ಅದನ್ನು ಮೀರಿಸಲು ಇನ್ನೊಂದು ಕಡೆ ಹಾಕಬೇಕಾಗುತ್ತದೆ, ಆರು ತಿಂಗಳಾದ ಮೇಲೆ ನಿಮ್ಮ ಡಬ್ಬಿಯಲ್ಲಿ ಪ್ರತಿ ಸಾಲೂ ಕಿರುಚುತ್ತಿರುತ್ತದೆ. ಬದಲಿಗೆ ಬ್ರೌಸರಿನಲ್ಲಿ ಎಫ್12 ಒತ್ತಿ ಅಥವಾ ಬಲಗ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ತೆರೆಯಿರಿ. ಯಾವ ನಿಯಮ ಗೆದ್ದಿದೆ, ಯಾವುದರ ಮೇಲೆ ಗೆರೆ ಎಳೆದಿದೆ ಅಂತ ಅಲ್ಲೇ ಕಾಣುತ್ತದೆ. ಗೆದ್ದಿರುವ ಸೆಲೆಕ್ಟರನ್ನೇ ನಕಲು ಮಾಡಿ ಅದರ ಮುಂದೆ ಒಂದು ಕ್ಲಾಸ್ ಸೇರಿಸಿದರೆ ಕೆಲಸ ಮುಗಿಯಿತು. ಅಲ್ಲೇ ಬಣ್ಣ, ಅಂತರ ಎಲ್ಲ ಬದಲಿಸಿ ನೋಡಬಹುದು, ಪುಟ ರೀಲೋಡ್ ಮಾಡಿದರೆ ಎಲ್ಲ ಹೋಗುತ್ತದೆ, ಹಾಗಾಗಿ ಹೆದರಿಕೆಯೂ ಇಲ್ಲ. ಅಂದಹಾಗೆ ‘!ಇಂಪಾರ್ಟೆಂಟ್’ ಪೂರ್ತಿ ಕೆಟ್ಟದ್ದು ಅಂತಲೂ ಅಲ್ಲ. ಸಂತೆಯ ಸೈಟಿನಲ್ಲಿ ಅದಕ್ಕೆ ಒಂದು ನ್ಯಾಯವಾದ ಜಾಗ ಇದೆ: ಬೆಳೆಗಾರರು ಬರೆದ ವಿವರಣೆ. ವರ್ಡ್‌ನಿಂದಲೋ ಮೇಲ್‌ನಿಂದಲೋ ಕಾಪಿ ಮಾಡಿ ಹಾಕಿದಾಗ ಅದರ ಜೊತೆ ಫಾಂಟು, ಸೈಜು, ಕೆಂಪು ಬಣ್ಣ ಎಲ್ಲ ಟ್ಯಾಗಿನ ಒಳಗೇ ಅಂಟಿಕೊಂಡು ಬಂದಿರುತ್ತವೆ. ಅದನ್ನು ಹೊರಗಿನಿಂದ ಮೀರಿಸಲು ‘!ಇಂಪಾರ್ಟೆಂಟ್’ ಬಿಟ್ಟು ಬೇರೆ ದಾರಿ ಇಲ್ಲ. ವಿವರಣೆಯ ಡಬ್ಬಿಯೊಳಗಿನ ಎಲ್ಲದಕ್ಕೂ ಫಾಂಟ್ ಮತ್ತು ಕಲರ್ ‘ಇನ್ಹೆರಿಟ್’ (ಸುತ್ತಲಿನ ಪುಟದ್ದನ್ನೇ ತೆಗೆದುಕೋ) ಅಂತ ಬಲವಂತ ಮಾಡಿ. ಪಟ್ಟಿ ಅರ್ಧ ಶಾಂತವಾಗುವುದು ಇದೊಂದರಿಂದಲೇ.

ಯಾವ ನಿಯಮ ಗೆಲ್ಲಬೇಕು ಅಂತ ತೀರ್ಮಾನಿಸುವ, ಕ್ಯಾಸ್ಕೇಡ್ ಅನ್ನುವ ಈ ಏರ್ಪಾಡಿನ ಹಿಂದೆ ಒಂದು ಹಳೆಯ ಯೋಚನೆ ಇದೆ. ಹೋಕನ್ ವಿಯುಮ್ ಲೀ ಅನ್ನುವವರು 1994ರಲ್ಲಿ ಸಿಎಸ್‌ಎಸ್‌ನ ಯೋಚನೆ ಮುಂದಿಟ್ಟಾಗಲೇ ಪುಟ ಬರೆದವರ ಇಷ್ಟದ ಜೊತೆಗೆ ಓದುವವರ ಇಷ್ಟಕ್ಕೂ ಜಾಗ ಇರಬೇಕು ಅನ್ನುವುದು ಅದರಲ್ಲಿತ್ತು. ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಬಂತು. ಇಷ್ಟು ವರ್ಷಗಳ ಮೇಲೆ ಇದು ನಮಗೆ ಯಾಕೆ ಬೇಕು ಅಂದರೆ, ಅಕ್ಷರದ ಅಳತೆ ಬರೆಯುವಾಗ ಬೇಕು. ಬ್ರೌಸರಿನ ಮಾಮೂಲಿ ಅಳತೆ 16 ಪಿಕ್ಸೆಲ್. ಕಣ್ಣು ಮಂಜಾದವರು ಅದನ್ನು ಸೆಟ್ಟಿಂಗಿನಲ್ಲಿ 20ಕ್ಕೋ 24ಕ್ಕೋ ಏರಿಸಿಕೊಂಡಿರುತ್ತಾರೆ. ನೀವು ಪಿಕ್ಸೆಲ್‌ನಲ್ಲಿ 14 ಅಂತ ಬರೆದುಬಿಟ್ಟರೆ ಅವರ ಸೆಟ್ಟಿಂಗ್ ಕಸದ ಬುಟ್ಟಿಗೆ ಹೋಯಿತು. ‘ರೆಮ್’ ಅನ್ನುವ ಅಳತೆಯಲ್ಲಿ ಬರೆದರೆ ಅವರು ಏರಿಸಿದಷ್ಟು ನಿಮ್ಮದೂ ಏರುತ್ತದೆ. ಸಂತೆಗೆ ಬರುವವರಲ್ಲಿ ವಯಸ್ಸಾದವರು ಕಡಿಮೆಯೇನಲ್ಲ.

ಬಣ್ಣಕ್ಕೆ ಬರೋಣ. ಸಿಎಸ್‌ಎಸ್‌ನಲ್ಲಿ ಈಗ ವೇರಿಯಬಲ್‌ಗಳಿವೆ, ಎರಡು ಅಡ್ಡಗೆರೆಯಿಂದ (--) ಶುರುವಾಗುವ ಹೆಸರು ಕೊಟ್ಟು ಒಂದೇ ಕಡೆ ಬರೆದಿಟ್ಟುಕೊಂಡು ಬೇಕಾದಲ್ಲೆಲ್ಲ ‘ವಾರ್’ ಅಂತ ಕರೆಯಬಹುದು. ಡಬ್ಬಿಯ ತಲೆಯಲ್ಲಿ ಐದಾರು ವೇರಿಯಬಲ್ ಸಾಕು: ಮುಖ್ಯ ಬಣ್ಣ, ಅದರ ಮೇಲಿನ ಅಕ್ಷರದ ಬಣ್ಣ, ಸಾಮಾನ್ಯ ಅಕ್ಷರ, ಮೆಲುದನಿಯ ಅಕ್ಷರ, ಗೆರೆ, ಎಚ್ಚರಿಕೆ. ಹೆಸರಿಡುವಾಗ ‘ಹಸಿರು’ ಅಂತ ಇಡಬೇಡಿ, ‘ಮುಖ್ಯ’ ಅಂತ ಇಡಿ, ಯಾಕಂದರೆ ಮುಂದಿನ ವರ್ಷ ಯಾರಾದರೂ ಅದನ್ನು ಕಂದು ಮಾಡಿದಾಗ ಹಸಿರು ಅನ್ನುವ ಹೆಸರಿನಲ್ಲಿ ಕಂದು ಕೂತಿರುತ್ತದೆ. ಕೆಲವು ವ್ಯವಸ್ಥೆಗಳು ಈಗ ತಮ್ಮದೇ ವೇರಿಯಬಲ್‌ಗಳನ್ನು ಇಟ್ಟಿರುತ್ತವೆ. ಇನ್‌ಸ್ಪೆಕ್ಟ್‌ನಲ್ಲಿ ‘ರೂಟ್’ ಅಂತ ಹುಡುಕಿ ನೋಡಿ. ಇದ್ದರೆ ನಿಮ್ಮ ಅದೃಷ್ಟ, ನೂರು ಸಾಲಿನ ಕೆಲಸ ಐದು ಸಾಲಿಗೆ ಮುಗಿಯುತ್ತದೆ.

ಆದರೆ ಯಾವ ಹಸಿರು? ಎಲ್ಲರಿಗೂ ಎಳೆ ಹಸಿರೇ ಬೇಕು, ಚಿಗುರಿನ ಬಣ್ಣ. ಅದರ ಮೇಲೆ ಬಿಳಿ ಅಕ್ಷರ. ಓದಲು ಆಗುವುದಿಲ್ಲ. ಇದು ರುಚಿಯ ಪ್ರಶ್ನೆ ಅಲ್ಲ, ಅಳೆಯಬಹುದಾದ ವಿಷಯ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸವನ್ನು ಕಾಂಟ್ರಾಸ್ಟ್ ಅನುಪಾತ ಅಂತ ಲೆಕ್ಕ ಹಾಕುತ್ತಾರೆ. ಬಿಳಿ ಮೇಲೆ ಕಪ್ಪು ಅಂದರೆ 21ಕ್ಕೆ 1. ವೆಬ್ ಪುಟ ಎಲ್ಲರೂ ಬಳಸುವ ಹಾಗಿರಬೇಕು ಅನ್ನುವ ಡಬ್ಲ್ಯೂಸಿಎಜಿ ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5 ಕೇಳುತ್ತದೆ, ದೊಡ್ಡ ಅಕ್ಷರಕ್ಕೆ 3. ಬಿಳಿ ಮೇಲೆ ಹಳದಿ ಬರೆದರೆ ಸಿಗುವುದು ಬರೀ 1.07. #008000 ಅನ್ನುವ (ಸಿಎಸ್‌ಎಸ್‌ನಲ್ಲಿ ಬಣ್ಣ ಬರೆಯುವ ಸಂಕೇತ ಇದು) ಕಡು ಹಸಿರಿನ ಮೇಲೆ ಬಿಳಿ ಅಕ್ಷರ 5.1ರಷ್ಟು ಬರುತ್ತದೆ, ಪಾಸು. ಬೂದು ಬಣ್ಣದಲ್ಲಂತೂ ಗಡಿ ಎಷ್ಟು ಸೂಕ್ಷ್ಮ ಅಂದರೆ ಬಿಳಿ ಮೇಲೆ #767676 ಪಾಸಾಗುತ್ತದೆ, #777777 ಕೂದಲೆಳೆಯಲ್ಲಿ ಫೇಲಾಗುತ್ತದೆ. ಬೆಳೆಗಾರರ ಹೆಸರು, ‘ಎಷ್ಟು ಉಳಿದಿದೆ’ ಇಂಥದ್ದನ್ನೆಲ್ಲ ನಾಜೂಕಾಗಿ ಕಾಣಲಿ ಅಂತ #999999 ಬೂದಿನಲ್ಲಿ ಬರೆಯುವ ಚಾಳಿ ಎಷ್ಟೋ ಥೀಮುಗಳಲ್ಲಿ, ಅಂದರೆ ಸಿದ್ಧ ವಿನ್ಯಾಸಗಳಲ್ಲಿ, ಇದೆ. ಅದರ ಅನುಪಾತ 2.85. #666666 ಮಾಡಿ, 5.7ಕ್ಕೆ ಬರುತ್ತದೆ, ನಾಜೂಕೂ ಹೋಗುವುದಿಲ್ಲ. ನೆನಪಿರಲಿ, ಇದನ್ನು ಓದುವವರಲ್ಲಿ ಬೆಳೆಗಾರರೂ ಇದ್ದಾರೆ. ಅವರು ಎಷ್ಟು ಆರ್ಡರ್ ಬಂತು ಅಂತ ನೋಡುವುದು ಹೊಲದಲ್ಲಿ ನಿಂತು, ನೆತ್ತಿ ಮೇಲಿನ ಬಿಸಿಲಿನಲ್ಲಿ, ಗೀರು ಬಿದ್ದ ಫೋನಿನಲ್ಲಿ.

ಇನ್ನು ಪಟ್ಟಿಯ ಸಾಲು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕಾರ್ಡುಗಳ ಫ್ಯಾಷನ್ ಇದೆ: ಮೇಲೆ ದೊಡ್ಡ ಫೋಟೋ, ಕೆಳಗೆ ಹೆಸರು, ಅದರ ಕೆಳಗೆ ಬಟನ್. ಬಟ್ಟೆ ಮಾರುವುದಕ್ಕೆ ಸರಿ. ಸಂತೆಗೆ ನನ್ನ ಓಟು ಸಾಲಿಗೇ. ಫೋನಿನಲ್ಲಿ ಕಾರ್ಡ್ ಹಾಕಿದರೆ ಒಂದು ಸ್ಕ್ರೀನಿಗೆ ಒಂದೋ ಎರಡೋ ವಸ್ತು ಕಾಣುತ್ತದೆ, ಪಟ್ಟಿಯಲ್ಲಿ ನೂರು ವಸ್ತು ಇದ್ದರೆ ಜಾರಿಸಿ ಜಾರಿಸಿ ಬೆರಳು ನೋಯಬೇಕು. ಎಡಕ್ಕೆ ಚಿಕ್ಕ ಚೌಕ ಫೋಟೋ, ಮಧ್ಯದಲ್ಲಿ ಹೆಸರು ಮತ್ತು ಬೆಳೆದವರು, ಬಲಕ್ಕೆ ಬೆಲೆ, ಪ್ರಮಾಣ, ಬಟನ್. ಇಷ್ಟಾದರೆ ಒಂದು ಸ್ಕ್ರೀನಿಗೆ ಐದಾರು ಸಾಲು ಕೂರುತ್ತವೆ. ಜಾಗವನ್ನು ಅಡ್ಡ ಉದ್ದ ಮನೆಗಳಾಗಿ ಹಂಚುವ ಸಿಎಸ್‌ಎಸ್ ಗ್ರಿಡ್ ಬಂದ ಮೇಲೆ ಇದು ಸುಲಭ. 2017ರ ಮಾರ್ಚಿನಿಂದಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಲ್ಲಿ ಇದೆ, ಹಾಗಾಗಿ ಹಳೆಯ ಬ್ರೌಸರ್ ಅಂತ ಹೆದರಬೇಕಿಲ್ಲ. ಸಾಲಿಗೆ ಡಿಸ್‌ಪ್ಲೇ ಗ್ರಿಡ್ ಕೊಟ್ಟು ಮೂರು ಕಾಲಮ್ ಮಾಡಿ: ಮೊದಲನೆಯದು 72 ಪಿಕ್ಸೆಲ್, ಎರಡನೆಯದಕ್ಕೆ ಉಳಿದದ್ದೆಲ್ಲ, ಮೂರನೆಯದು ‘ಆಟೋ’. ಎರಡನೆಯದಕ್ಕೆ ಬರೀ ‘1ಎಫ್‌ಆರ್’ (ಉಳಿದ ಜಾಗದ ಒಂದು ಪಾಲು) ಅನ್ನಬೇಡಿ, ಬೇಕಾದರೆ ಸೊನ್ನೆಯವರೆಗೂ ಕುಗ್ಗಬಹುದು ಅನ್ನುವ ‘ಮಿನ್‌ಮ್ಯಾಕ್ಸ್(0, 1ಎಫ್‌ಆರ್)’ ಅನ್ನಿ. ಇಲ್ಲದಿದ್ದರೆ ಯಾರೋ ಜಾಗ ಬಿಡದೆ ಬರೆದ ಒಂದು ಉದ್ದನೆಯ ಹೆಸರು ಇಡೀ ಪುಟವನ್ನು ಬಲಕ್ಕೆ ತಳ್ಳಿಬಿಡುತ್ತದೆ. ಜೊತೆಗೆ ‘ಓವರ್‌ಫ್ಲೋ-ರ‍್ಯಾಪ್: ಎನಿವೇರ್’ ಇದ್ದರೆ ಆ ಹೆಸರೂ ಮುರಿದು ಕೆಳಗಿಳಿಯುತ್ತದೆ.

ಇಲ್ಲ, ನನಗೆ ಕಾರ್ಡೇ ಬೇಕು ಅನ್ನುವವರಿಗೆ ಒಂದು ಮಾತು. ಗ್ರಿಡ್‌ನ ಕಾಲಮ್‌ಗಳನ್ನು ಜಾಗಕ್ಕೆ ತಕ್ಕಷ್ಟು ಮಾಡುವ ‘ರಿಪೀಟ್’ ಒಳಗೆ ‘ಆಟೋ-ಫಿಟ್’ ಬೇಡ, ‘ಆಟೋ-ಫಿಲ್’ ಹಾಕಿ. ಎರಡೂ ಒಂದೇ ಥರ ಕಾಣುತ್ತವೆ, ವಿಭಾಗದಲ್ಲಿ ಸಾಕಷ್ಟು ವಸ್ತು ಇರುವವರೆಗೆ. ಬೆಳೆ ಕಡಿಮೆ ಇರುವ ತಿಂಗಳಲ್ಲಿ ಒಂದು ವಿಭಾಗದಲ್ಲಿ ಒಂದೇ ವಸ್ತು ಉಳಿದಾಗ ‘ಆಟೋ-ಫಿಟ್’ ಅದನ್ನು ಪುಟದ ಅಗಲಕ್ಕೂ ಹಿಗ್ಗಿಸುತ್ತದೆ. ‘ಆಟೋ-ಫಿಲ್’ ಅದನ್ನು ಅದರ ಅಳತೆಯಲ್ಲೇ ಬಿಡುತ್ತದೆ, ಪಕ್ಕದ ಜಾಗ ಖಾಲಿ ಇರುತ್ತದೆ. ಇರಲಿ ಬಿಡಿ.

ಫೋಟೋಗಳಿಗೆ ಮುಖ್ಯವಾಗಿ ಎರಡು ಸಾಲು ಬೇಕು: ‘ಆಸ್ಪೆಕ್ಟ್-ರೇಶಿಯೋ: 1’, ‘ಆಬ್ಜೆಕ್ಟ್-ಫಿಟ್: ಕವರ್’. ಉದ್ದದ್ದು ಅಡ್ಡದ್ದು ಎಲ್ಲವೂ ಚೌಕಕ್ಕೆ ಬರುತ್ತವೆ, ಯಾವುದೂ ಹಿಂಜಿದ ಹಾಗೆ ಕಾಣುವುದಿಲ್ಲ. ಅಂಚು ಕತ್ತರಿಸಿ ಹೋಗುತ್ತದೆ ನಿಜ, ಆದರೆ ಬಹಳ ಸಲ ವಸ್ತು ಮಧ್ಯದಲ್ಲೇ ಇರುತ್ತದೆ. ಫೋಟೋ ಇಲ್ಲದ ಸಾಲಿಗೆ ಆ ಜಾಗದಲ್ಲಿ ತಿಳಿ ಬೂದು ಹಿನ್ನೆಲೆ ಇದ್ದರೆ ಸಾಲು ಓರೆಯಾಗುವುದಿಲ್ಲ. ಒಂದು ಆಸೆಯನ್ನು ಮಾತ್ರ ತಡೆದುಕೊಳ್ಳಿ. ‘ಫಿಲ್ಟರ್’ ಹಾಕಿ ಎಲ್ಲ ಫೋಟೋಗಳ ಬಣ್ಣ ಏರಿಸಬಹುದು, ಹಣ್ಣು ತರಕಾರಿ ಎಲ್ಲ ಥಳಥಳ ಅನ್ನುತ್ತವೆ. ಆದರೆ ಕೊಂಡವರು ಚೀಲ ಬಿಚ್ಚಿದಾಗ ಬೇರೆಯೇ ಬಣ್ಣ ಕಂಡರೆ ಬೈಸಿಕೊಳ್ಳುವವರು ಬೆಳೆದವರು, ಸಿಎಸ್‌ಎಸ್ ಬರೆದವರಲ್ಲ.

ಬೆಲೆಯ ಅಂಕಿಗಳಿಗೆ ‘ಫಾಂಟ್-ವೇರಿಯಂಟ್-ನ್ಯೂಮರಿಕ್: ಟ್ಯಾಬ್ಯುಲರ್-ನಮ್ಸ್’ ಕೊಟ್ಟು ಬಲಕ್ಕೆ ಒತ್ತಿಸಿ. ಫಾಂಟಿನಲ್ಲಿ ಆ ಸೌಲಭ್ಯ ಇದ್ದರೆ ಎಲ್ಲ ಅಂಕಿಗೂ ಒಂದೇ ಅಗಲ ಸಿಗುತ್ತದೆ, ಮೇಲಿಂದ ಕೆಳಗೆ ಕಣ್ಣು ಹಾಯಿಸಿದರೆ ಹೋಲಿಕೆ ತಾನಾಗೇ ಆಗುತ್ತದೆ. ಬೆಲೆಯ ಪಕ್ಕದಲ್ಲೇ ಅದು ಕೆಜಿಗೋ, ಕಟ್ಟಿಗೋ, ಡಜನ್‌ಗೋ ಅನ್ನುವುದು ಇರಬೇಕು. ಅದನ್ನು ಚಿಕ್ಕದಾಗಿಸಿ ಮಸುಕು ಮಾಡುವ ಥೀಮುಗಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಬೆಲೆ ದಪ್ಪಕ್ಷರದಲ್ಲಿ, ಯಾವ ಅಳತೆಗೆ ಅನ್ನುವುದು ಇರುವೆ ಗಾತ್ರದಲ್ಲಿ. ಇದೇನು ನ್ಯಾಯ?

ಮುಗಿದುಹೋದ ವಸ್ತುವಿನ ಕತೆ ಇನ್ನೊಂದು. ಮಾಮೂಲಿ ಉಪಾಯ ಅಂದರೆ ಇಡೀ ಸಾಲಿಗೆ ‘ಒಪ್ಯಾಸಿಟಿ: 0.5’, ಅಂದರೆ ಅರ್ಧ ಪಾರದರ್ಶಕ ಮಾಡುವುದು. ಸುಲಭ, ಆದರೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರವೂ ಸುಮಾರು 4ರ ಅನುಪಾತಕ್ಕೆ ಬೀಳುತ್ತದೆ, ಮೊದಲೇ ಬೂದಾಗಿದ್ದ ಅಕ್ಷರ 2ರ ಹತ್ತಿರ ಹೋಗುತ್ತದೆ. ಮುಗಿದಿದೆ ಅಂತ ಗೊತ್ತಾದವರಿಗೂ ಅದು ಯಾರದ್ದು, ಮುಂದಿನ ವಾರ ಬರುತ್ತದಾ ಅಂತ ಓದಬೇಕಿರುತ್ತದೆ ಅಲ್ವಾ? ಅದಕ್ಕೆ ಫೋಟೋ ಒಂದಕ್ಕೆ ಮಾತ್ರ ಬಣ್ಣ ತೆಗೆದು ಬೂದು ಮಾಡುವ ‘ಗ್ರೇಸ್ಕೇಲ್’ ಹಾಕಿ, ಬಟನ್ ತೆಗೆದು, ‘ಮುಗಿದಿದೆ’ ಅನ್ನುವ ಪದವನ್ನು ಎದ್ದು ಕಾಣಿಸಿ. ಬರೀ ಬಣ್ಣದಲ್ಲಿ ಹೇಳಬೇಡಿ. ಇದೆ ಅನ್ನಲು ಹಸಿರು ಚುಕ್ಕೆ, ಇಲ್ಲ ಅನ್ನಲು ಕೆಂಪು ಚುಕ್ಕೆ ಅಂತ ಇಟ್ಟರೆ, ಕೆಂಪು ಹಸಿರು ಬೇರೆ ಮಾಡಿ ನೋಡಲಾಗದ ಗಂಡಸರು ಸಾಕಷ್ಟು ಜನ ಇದ್ದಾರೆ, ಅವರಿಗೆ ಎರಡೂ ಒಂದೇ ಚುಕ್ಕೆ. ಮುಗಿದದ್ದಕ್ಕೆ ಸಾಲಿನ ಮೇಲೆ ಬೇರೆ ಕ್ಲಾಸ್ ಇಲ್ಲ, ಒಳಗಿನ ಒಂದು ತುಣುಕಿಗೆ ಮಾತ್ರ ಇದೆ ಅನ್ನುವ ಪರಿಸ್ಥಿತಿ ಆಗಾಗ ಬರುತ್ತದೆ. ಮೊದಲೆಲ್ಲ ಅಲ್ಲಿಗೆ ಕೈ ಚೆಲ್ಲಬೇಕಿತ್ತು. ಈಗ ‘:ಹ್ಯಾಸ್’ ಇದೆ. ಒಳಗೆ ಇಂಥದ್ದು ಇರುವ ಸಾಲನ್ನು ಹಿಡಿ ಅಂತ ಹೇಳಬಹುದು. 2023ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್ ಕೂಡ ಸೇರಿದ ಮೇಲೆ ಎಲ್ಲ ಮುಖ್ಯ ಬ್ರೌಸರುಗಳಲ್ಲೂ ಸಿಗುತ್ತದೆ.

ಕನ್ನಡದಲ್ಲಿ ಪಟ್ಟಿ ಇದ್ದರೆ ಥೀಮು ಬರೆದವರ ತಲೆಗೆ ಬರದ ತೊಂದರೆಗಳು ಬರುತ್ತವೆ. ಮೊದಲನೆಯದು ಸಾಲುಗಳ ನಡುವಿನ ಅಂತರ. ‘ಲೈನ್-ಹೈಟ್’ 1.2 ಅಂತ ಇಟ್ಟಿರುತ್ತಾರೆ, ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು ತಲೆಕಟ್ಟುಗಳ ಮೇಲೆ ಬಂದು ಕೂರುತ್ತವೆ. 1.6ರಿಂದ 1.7 ಮಾಡಿ. ಬಟನ್ ಮತ್ತು ಹೆಸರಿನ ಡಬ್ಬಿಗಳಿಗೆ ನಿಗದಿ ಎತ್ತರ ಕೊಟ್ಟು ‘ಓವರ್‌ಫ್ಲೋ: ಹಿಡನ್’ (ಹೊರಗೆ ಚಾಚಿದ್ದನ್ನು ಮರೆಮಾಡು) ಮಾಡಿದ್ದರೆ ಒತ್ತು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ, ಎತ್ತರ ತೆಗೆದು ಮೇಲೆ ಕೆಳಗೆ ಪ್ಯಾಡಿಂಗ್ (ಒಳ ಅಂತರ) ಕೊಡಿ. ‘ಲೆಟರ್-ಸ್ಪೇಸಿಂಗ್’ ಸೊನ್ನೆ ಮಾಡಿ, ಇಂಗ್ಲಿಷ್ ದೊಡ್ಡಕ್ಷರಗಳಿಗೆ ಅಂತ ಇಟ್ಟ ಅಂತರ ಕನ್ನಡದಲ್ಲಿ ಅಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಬೆಳೆಗಾರರ ಹೆಸರನ್ನು ಇಟಾಲಿಕ್ ಮಾಡಿದ್ದರೆ ಅದನ್ನೂ ತೆಗೆಯಿರಿ. ನಾವು ಮಾಮೂಲಿಯಾಗಿ ಬಳಸುವ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ ಇರುವುದಿಲ್ಲ, ಬ್ರೌಸರ್ ಸುಮ್ನೆ ಅಕ್ಷರವನ್ನು ಓರೆ ಮಾಡಿ ತೋರಿಸುತ್ತದೆ, ನೋಡಲು ಹಿತವಾಗಿರುವುದಿಲ್ಲ. ಫಾಂಟು ಬೇಕೇ ಬೇಕು ಅಂದರೆ ಪಟ್ಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ 2. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ‘ಫಾಂಟ್-ಡಿಸ್‌ಪ್ಲೇ: ಸ್ವಾಪ್’ ಇಡಿ, ನೆಟ್‌ವರ್ಕ್ ನಿಧಾನ ಇದ್ದರೂ ಫಾಂಟು ಬರುವವರೆಗೆ ಫೋನಿನದೇ ಅಕ್ಷರದಲ್ಲಿ ಪಟ್ಟಿ ಕಾಣುತ್ತದೆ. ಎರಡಕ್ಕಿಂತ ಜಾಸ್ತಿ ಫಾಂಟು ಬೇಡ.

ಫೋನಿನ ವಿಷಯದಲ್ಲಿ ಮೂರು ವಿಚಾರ ಹೇಳಿ ಮುಂದೆ ಹೋಗುತ್ತೇನೆ. ಪ್ರಮಾಣ ತುಂಬುವ ಡಬ್ಬಿಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನಿನ ಸಫಾರಿ ಅದನ್ನು ಮುಟ್ಟಿದ ಕೂಡಲೇ ಪುಟವನ್ನು ಝೂಮ್ ಮಾಡುತ್ತದೆ, ಕೊಳ್ಳುವವರು ಪ್ರತಿ ಸಾಲಿಗೂ ಪುಟವನ್ನು ಹಿಂದಕ್ಕೆ ಚಿವುಟಬೇಕು. 16 ಮಾಡಿದರೆ ಆ ಕಾಟ ಇಲ್ಲ. ಬಟನ್‌ಗಳು ಬೆರಳಿಗೆ ಸಿಗುವಷ್ಟು ದೊಡ್ಡದಿರಲಿ: ಡಬ್ಲ್ಯೂಸಿಎಜಿ 2.2 ಕೇಳುವ ಕನಿಷ್ಠ 24 ಪಿಕ್ಸೆಲ್, ಆದರೆ ಆಪಲ್ ತನ್ನ ಫೋನುಗಳಿಗೆ ಹೇಳುವ 44 ನನಗೆ ಸರಿ ಅನ್ನಿಸುತ್ತದೆ, ‘ಕೂಡಿಸು’ ಮತ್ತು ‘ಕಳೆ’ ಒಂದಕ್ಕೊಂದು ಅಂಟಿಕೊಂಡಿರುವಲ್ಲಂತೂ ಖಂಡಿತ. ಇನ್ನು ಕಾರ್ಟಿನ ಮೊತ್ತ ಕೆಳಗೆ ಅಂಟಿಕೊಂಡಿರಲಿ ಅಂತ ‘ಪೊಸಿಷನ್: ಸ್ಟಿಕಿ’ ಹಾಕಿದರೂ ಅದು ಅಂಟದಿದ್ದರೆ, ಬಹಳ ಸಲ ಅದನ್ನು ಒಳಗೊಂಡಿರುವ ಯಾವುದೋ ಹೊರ ಡಬ್ಬಿಗೆ ‘ಓವರ್‌ಫ್ಲೋ: ಹಿಡನ್’ ಇರುತ್ತದೆ, ಅದನ್ನು ಹುಡುಕಿ.

ಮೌಸ್ ಬಿಟ್ಟು ಕೀಬೋರ್ಡಿನಿಂದಲೇ ಪುಟದಲ್ಲಿ ಓಡಾಡುವವರಿಗೆ ಕಾಣುವ ಆ ನೀಲಿ ಚೌಕಟ್ಟು ಅಸಹ್ಯ ಅಂತ ‘ಔಟ್‌ಲೈನ್: ನನ್’ ಬರೆಯುವವರಿದ್ದಾರೆ. ಬೇಡ. ‘:ಫೋಕಸ್-ವಿಸಿಬಲ್’ ಹಿಡಿದು ನಿಮ್ಮ ಬಣ್ಣದ್ದೇ ಚೌಕಟ್ಟು ಕೊಡಿ.

ಈಗ ಸ್ವಲ್ಪ ಗಂಭೀರವಾದ ಮಾತು. ಪುಟದ ತುಣುಕನ್ನು ಕಾಣದ ಹಾಗೆ ಮಾಡುವ ‘ಡಿಸ್‌ಪ್ಲೇ: ನನ್’ ಅನ್ನುವುದು ಬೀಗ ಅಲ್ಲ. ಬೆಳೆಗಾರರ ಪುಟದಲ್ಲಿ ಅವರ ಫೋನ್ ನಂಬರ್, ಮನೆ ವಿಳಾಸ ಕಾಣುತ್ತಿದೆ, ಅದು ಬೇಡ ಅಂತ ಅವರು ಹೇಳಿದಾಗ ಸಿಎಸ್‌ಎಸ್‌ನಿಂದ ಮಾಯ ಮಾಡಿ ‘ತೆಗೆದಿದ್ದೇನೆ’ ಅನ್ನುವುದು ಸುಳ್ಳು. ನಂಬರು ಪುಟದ ಸೋರ್ಸಿನಲ್ಲಿ ಹಾಗೇ ಇರುತ್ತದೆ, ನೋಡಲು ಬಂದವರಿಗೂ ಸಿಗುತ್ತದೆ, ನಂಬರು ಕೆರೆದು ಒಯ್ಯುವ ರೋಬಾಟುಗಳಿಗೂ ಸಿಗುತ್ತದೆ. ಅಂಥದ್ದನ್ನು ವ್ಯವಸ್ಥೆಯ ಸೆಟ್ಟಿಂಗಿನಿಂದಲೇ ತೆಗೆಯಬೇಕು, ಆಗದಿದ್ದರೆ ಆ ಮಾಹಿತಿಯನ್ನೇ ಅಳಿಸಬೇಕು. ಇದರ ಉಲ್ಟಾ ಕೂಡ ಇದೆ. ತುಣುಕಿನ ಮುಂದೆ ಏನಾದರೂ ಸೇರಿಸುವ ‘::ಬಿಫೋರ್’ ಹಾಕಿ ‘ಕಂಟೆಂಟ್’ ಮೂಲಕ ಪುಟಕ್ಕೆ ಪದ ಸೇರಿಸಬಹುದು. ಚಿಕ್ಕ ಗುರುತಿಗೆ ಸರಿ. ಆರ್ಡರ್ ಯಾವಾಗ ಮುಚ್ಚುತ್ತದೆ ಅನ್ನುವಂಥ ಮುಖ್ಯ ವಿಷಯವನ್ನು ಅಲ್ಲಿ ಬರೆಯಬೇಡಿ, ಅದನ್ನು ಮೌಸಿನಲ್ಲಿ ಹಿಡಿದು ಕಾಪಿ ಮಾಡಲೂ ಆಗುವುದಿಲ್ಲ, ಪುಟದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಯಾರೂ ಕೈ ಹಾಕದ, ಆದರೆ ಸಂತೆಗೆ ತುಂಬ ಉಪಯೋಗಕ್ಕೆ ಬರುವ ಮೂಲೆ ಒಂದಿದೆ: ಪ್ರಿಂಟ್. ಹಂಚುವ ದಿನ ಕಾಗದವೇ ರಾಜ. ಯಾವ ಬೆಳೆಗಾರರು ಎಷ್ಟು ಕೊಯ್ಯಬೇಕು, ಯಾವ ಚೀಲಕ್ಕೆ ಏನು ಹೋಗಬೇಕು, ಎಲ್ಲ ಪ್ರಿಂಟ್ ತೆಗೆದು ಪೆನ್ನಿನಲ್ಲಿ ಟಿಕ್ ಹಾಕುವ ಕೆಲಸ. ‘@ಮೀಡಿಯಾ ಪ್ರಿಂಟ್’ ಒಳಗೆ ಬರೆದದ್ದು ಕಾಗದಕ್ಕೆ ಮಾತ್ರ ಅನ್ವಯಿಸುತ್ತದೆ, ಸ್ಕ್ರೀನಿನಲ್ಲಿ ಏನೂ ಬದಲಾಗುವುದಿಲ್ಲ. ಮೆನು, ಬ್ಯಾನರ್, ಫುಟರ್ ಎಲ್ಲ ತೆಗೆಯಿರಿ. ಒಂದು ಆರ್ಡರಿನ ಡಬ್ಬಿಗೆ ‘ಬ್ರೇಕ್-ಇನ್‌ಸೈಡ್: ಅವಾಯ್ಡ್’ ಕೊಟ್ಟರೆ ಒಬ್ಬರ ಆರ್ಡರ್ ಎರಡು ಹಾಳೆಗೆ ಹರಿದು ಹೋಗುವುದಿಲ್ಲ, ಒಂದೇ ಹಾಳೆಯಲ್ಲಿ ಹಿಡಿಸುವಷ್ಟಿದ್ದರೆ. ಬೆಳೆಗಾರರಿಗೊಂದೊಂದು ಹಾಳೆ ಬೇಕಿದ್ದರೆ ಅವರ ಭಾಗದ ಕೊನೆಗೆ ‘ಬ್ರೇಕ್-ಆಫ್ಟರ್: ಪೇಜ್’. ಬ್ರೌಸರುಗಳು ಹಿನ್ನೆಲೆ ಬಣ್ಣವನ್ನು ಮಾಮೂಲಿಯಾಗಿ ಪ್ರಿಂಟ್ ಮಾಡುವುದಿಲ್ಲ, ಶಾಯಿ ಉಳಿಸಲಿ ಅಂತ. ಹಾಗಾಗಿ ಹಿನ್ನೆಲೆ ಬಣ್ಣದಿಂದ ಗುರುತು ಮಾಡಿದ ಯಾವುದೂ ಕಾಗದಕ್ಕೆ ಬರುವುದಿಲ್ಲ, ಅಲ್ಲಿ ಬಾರ್ಡರ್ ಹಾಕಿ. ಪ್ರತಿ ಸಾಲಿನ ಮುಂದೆ ಟಿಕ್ ಹಾಕಲು ಖಾಲಿ ಚೌಕ ಬೇಕು ಅಂದರೆ, ಈಗಷ್ಟೇ ಬೈದ ಆ ‘::ಬಿಫೋರ್’ ಇಲ್ಲಿ ಕೆಲಸಕ್ಕೆ ಬರುತ್ತದೆ: ಖಾಲಿ ಕಂಟೆಂಟ್, 4 ಮಿಲಿಮೀಟರ್ ಅಗಲ ಎತ್ತರ, ಸುತ್ತ ಒಂದು ಗೆರೆ. ಬೇರೆ ಯಾವ ಬದಲಾವಣೆಗೂ ಸಿಗದ ಥ್ಯಾಂಕ್ಸ್ ಈ ಚೌಕಕ್ಕೆ ಸಿಗುತ್ತದೆ, ನೋಡಿ ಬೇಕಾದರೆ.

ಕೊನೆಗೆ ಬಾಳಿಕೆ. ನಿಮ್ಮ ಸಿಎಸ್‌ಎಸ್ ನಿಂತಿರುವುದು ಬೇರೆಯವರ ಎಚ್‌ಟಿಎಮ್‌ಎಲ್ ಮೇಲೆ. ಅವರು ಯಾವತ್ತು ಬೇಕಾದರೂ ಅದನ್ನು ಬದಲಿಸಬಹುದು, ನಿಮಗೆ ಹೇಳಬೇಕು ಅಂತಲೂ ಇಲ್ಲ. ಹಾಗಾಗಿ ‘ಮೂರನೇ ಡಬ್ಬಿಯ ಒಳಗಿನ ಎರಡನೇ ಡಬ್ಬಿ’ ಅನ್ನುವ ಥರದ ಸೆಲೆಕ್ಟರ್ ಬರೆಯಬೇಡಿ, ಅವರು ಮಧ್ಯೆ ಒಂದು ಡಬ್ಬಿ ಸೇರಿಸಿದರೆ ಎಲ್ಲ ಒಂದು ಮನೆ ಮುಂದೆ ಹೋಗುತ್ತದೆ. ಅರ್ಥವಿಲ್ಲದ ಅಕ್ಷರ ಅಂಕಿಗಳ ಬಾಲ ಇರುವ ಕ್ಲಾಸ್ ಹೆಸರುಗಳು ಯಂತ್ರ ಹುಟ್ಟಿಸಿದವು, ಮುಂದಿನ ಅಪ್‌ಡೇಟಿಗೆ ಆ ಬಾಲ ಬದಲಾಗುತ್ತದೆ. ಅವುಗಳಲ್ಲಿ ಬದಲಾಗದ ಮುಂಭಾಗ ಇದ್ದರೆ ಅಷ್ಟನ್ನೇ ಹಿಡಿಯುವ ಆಟ್ರಿಬ್ಯೂಟ್ ಸೆಲೆಕ್ಟರ್ (ಹೆಸರಿನ ಒಂದು ಭಾಗ ನೋಡಿ ಆರಿಸುವ ಸೆಲೆಕ್ಟರ್) ಬಳಸಿ. ಡಬ್ಬಿಯಲ್ಲಿರುವುದರ ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲೂ ಇರಲಿ, ಪ್ರತಿ ತುಂಡಿನ ಮೇಲೆ ಇದು ಯಾವ ಪುಟಕ್ಕೆ, ಯಾಕೆ, ಯಾವ ದಿನ ಹಾಕಿದ್ದು ಅಂತ ಒಂದು ಸಾಲು ಕಮೆಂಟ್ ಇರಲಿ. ಯಾಕೆ ಅನ್ನುವುದು ಮುಖ್ಯ. ಏನು ಮಾಡಿದೆ ಅಂತ ಕೋಡೇ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಪರೀಕ್ಷೆಗೆ ಒಂದು ಸುಳ್ಳು ವಸ್ತು ಸೃಷ್ಟಿಸಿ ಇಟ್ಟುಕೊಳ್ಳಿ, ಕೊಳ್ಳುವವರಿಗೆ ಕಾಣದ ಹಾಗೆ. ಅದಕ್ಕೆ ಎರಡು ಸಾಲು ಉದ್ದದ ಹೆಸರು, ಫೋಟೋ ಇಲ್ಲ, ವರ್ಡ್‌ನಿಂದ ತಂದು ಅಂಟಿಸಿದ ಕೆಂಪು ವಿವರಣೆ, ಐದಂಕಿಯ ಬೆಲೆ, ಸ್ಟಾಕು ಸೊನ್ನೆ. ಏನೇ ಬದಲಾವಣೆ ಮಾಡಿದರೂ ಮೊದಲು ಆ ಸಾಲನ್ನು ನೋಡಿ, ಬ್ರೌಸರಿನ ಅಕ್ಷರ 24 ಪಿಕ್ಸೆಲ್‌ಗೆ ಏರಿಸಿ ಇನ್ನೊಮ್ಮೆ ನೋಡಿ. ಅದು ನೆಟ್ಟಗಿದ್ದರೆ ಉಳಿದವೂ ನೆಟ್ಟಗಿರುತ್ತವೆ. ಮತ್ತೆ ಈ ಪ್ರಯೋಗ ಎಲ್ಲ ಆರ್ಡರ್ ಮುಚ್ಚಿದ ಮೇಲೆ, ಮುಂದಿನ ಪಟ್ಟಿ ತೆರೆಯುವ ಮೊದಲು ಮಾಡಿ. ಆರ್ಡರ್ ತೆರೆದ ಮೊದಲ ಗಂಟೆಯಲ್ಲಿ ‘ಕಾರ್ಟಿಗೆ ಹಾಕು’ ಬಟನ್ ಜೊತೆ ಆಟ ಆಡಬೇಡಿ.